ಟೇಲರ್ ಶ್ರೇಣಿ: ಬಿಟ್ಟದ್ದಕ್ಕೂ ಲೆಕ್ಕವಿಡುವ ಗಣಿತ

ಸೈನ್ 10 ಡಿಗ್ರಿ ಎಷ್ಟು? ಕ್ಯಾಲ್ಕ್ಯುಲೇಟರ್‌ನ ಗುಂಡಿ ಒತ್ತಿದರೆ 0.17364818 ಎಂಬ ಉತ್ತರ ಕ್ಷಣಾರ್ಧದಲ್ಲಿ ಮೂಡುತ್ತದೆ. ಆದರೆ ಆ ಯಂತ್ರದೊಳಗೆ ತ್ರಿಭುಜವೂ ಇಲ್ಲ, ಕೋನಮಾಪಕವೂ ಇಲ್ಲ. ಅದರ ಶಕ್ತಿಯೆಲ್ಲ ಅಡಗಿರುವುದು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಂಬ ಮೂಲಕ್ರಿಯೆಗಳಲ್ಲಿ. ಈ ನಾಲ್ಕು ಕ್ರಿಯೆಗಳಿಂದಲೇ ಸೈನ್, ಲಾಗರಿತಂ, ವರ್ಗಮೂಲ ಮುಂತಾದವುಗಳ ಬೆಲೆಯನ್ನು ಬೇಕಾದಷ್ಟು ನಿಖರವಾಗಿ ಪಡೆಯಲು ಗಣಿತಜ್ಞರು ಕಂಡುಕೊಂಡ ರಾಜಮಾರ್ಗವೇ ಟೇಲರ್ ಶ್ರೇಣಿ.

ಅಂದಾಜು ಎಂದೊಡನೆ ‘ಹೆಚ್ಚು ಕಡಿಮೆ ಇಷ್ಟು’ ಎಂಬ ಸಡಿಲ ಮಾತು ನೆನಪಾಗುತ್ತದೆ. ಟೇಲರ್ ಶ್ರೇಣಿಯ ಅಂದಾಜು ಅಂಥದ್ದಲ್ಲ. ಅದು ಉತ್ತರವನ್ನು ಕೊಡುವುದರ ಜತೆಗೆ, ಆ ಉತ್ತರ ಗರಿಷ್ಠ ಎಷ್ಟು ತಪ್ಪಿರಬಹುದು ಎಂಬುದನ್ನೂ ಹೇಳುತ್ತದೆ. ಉಳಿಸಿಕೊಂಡ ಪದಗಳಿಗೆ ಎಷ್ಟು ಬೆಲೆಯೋ, ಬಿಟ್ಟ ಪದಗಳ ಲೆಕ್ಕಕ್ಕೂ ಇಲ್ಲಿ ಅಷ್ಟೇ ಬೆಲೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷದ ಎಂಜಿನಿಯರಿಂಗ್ ಗಣಿತದಲ್ಲಿ ಈ ವಿಷಯ ಪಠ್ಯವಾಗಿದೆ. ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ಗಳಿಸುವವರು ಅನೇಕರು; ಎಷ್ಟು ಪದಗಳನ್ನು ಉಳಿಸಬೇಕು, ಎಷ್ಟನ್ನು ಬಿಡಬಹುದು ಎಂಬ ವಿವೇಚನೆಯಲ್ಲೇ ಈ ವಿದ್ಯೆಯ ತಿರುಳಿದೆ.

ಬಸ್ಸಿನ ಲೆಕ್ಕ

ಟೇಲರ್ ಶ್ರೇಣಿಯ ಆರಂಭದ ಪದಗಳನ್ನು ಪ್ರೌಢಶಾಲೆಯಲ್ಲಿ ಓದಿದ ಎಲ್ಲರೂ ಬಲ್ಲರು. ಅದರ ಹೆಸರು ಮಾತ್ರ ಅಲ್ಲಿ ಬಂದಿರುವುದಿಲ್ಲ. ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ಬಸ್ಸೊಂದು 4 ಸೆಕೆಂಡುಗಳ ನಂತರ ಎಲ್ಲಿರುತ್ತದೆ? ವೇಗ ಬದಲಾಗದು ಎಂದುಕೊಂಡರೆ 60 ಮೀಟರ್ ಮುಂದೆ. ಇದು ಮೊದಲ ಅಂದಾಜು.

ಚಾಲಕ ವೇಗ ಹೆಚ್ಚಿಸುತ್ತಿದ್ದು, ವೇಗೋತ್ಕರ್ಷ ಸೆಕೆಂಡಿಗೆ 1 ಮೀಟರ್/ಸೆಕೆಂಡ್ ಇದ್ದರೆ ಅರ್ಧ ಗುಣಿಸು 1 ಗುಣಿಸು 4ರ ವರ್ಗ, ಅಂದರೆ ಇನ್ನೂ 8 ಮೀಟರ್ ಸೇರಬೇಕು. ಒಟ್ಟು 68 ಮೀಟರ್. ಇದು ಎರಡನೆಯ ಅಂದಾಜು. ವೇಗೋತ್ಕರ್ಷವೂ ಸ್ಥಿರವಾಗಿಲ್ಲದೆ ಪ್ರತಿ ಸೆಕೆಂಡಿಗೆ 0.3ರಷ್ಟು ಏರುತ್ತಿದ್ದರೆ, 0.3 ಗುಣಿಸು 4ರ ಘನ ಭಾಗಿಸು 6, ಅಂದರೆ 3.2 ಮೀಟರ್ ಕೂಡಿಸಬೇಕು, ಒಟ್ಟು 71.2 ಮೀಟರ್. ವೇಗೋತ್ಕರ್ಷದ ಈ ಏರಿಳಿತಕ್ಕೆ ವಿಜ್ಞಾನದಲ್ಲೂ ‘ಜರ್ಕ್’ ಎಂದೇ ಹೆಸರು. ನಗರ ಸಾರಿಗೆ ಬಸ್ಸಿನಲ್ಲಿ ನಿಂತು ಪ್ರಯಾಣಿಸುವವರಿಗೆ ಅದರ ಪರಿಚಯ ಚೆನ್ನಾಗಿಯೇ ಇರುತ್ತದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಸ್ಸಿನ ‘ಈ ಕ್ಷಣ’ದ ಸ್ಥಿತಿಯನ್ನು ಮಾತ್ರ ಬಳಸಿ ‘ಮುಂದಿನ ಕ್ಷಣ’ವನ್ನು ಹೇಳಲಾಗಿದೆ. ಈಗಿನ ಸ್ಥಾನ, ಅದು ಬದಲಾಗುವ ದರ, ಆ ದರವೇ ಬದಲಾಗುವ ದರ ಹೀಗೆ ಒಂದೇ ಬಿಂದುವಿನ ಮಾಹಿತಿಯಿಂದ ಅಕ್ಕಪಕ್ಕದ ಪ್ರದೇಶವನ್ನು ಅರಿಯುವುದೇ ಟೇಲರ್ ಶ್ರೇಣಿಯ ಮೂಲತತ್ತ್ವ.

ಸೂತ್ರ ಹೇಳುವುದೇನು?

ಒಂದು ಸಂಖ್ಯೆಯನ್ನು ಪಡೆದು ಮತ್ತೊಂದು ಸಂಖ್ಯೆಯನ್ನು ಕೊಡುವ ನಿಯಮಕ್ಕೆ ಗಣಿತದಲ್ಲಿ ಫಂಕ್ಷನ್ ಅಥವಾ ಫಲನ ಎನ್ನುತ್ತಾರೆ. ಅದು ಬದಲಾಗುವ ದರವೇ ಡೆರಿವೇಟಿವ್ ಅಥವಾ ನಿಷ್ಪನ್ನ. ಫಲನವನ್ನು ‘ಫ’ ಎಂದೂ, ಅದರ ಮೊದಲ, ಎರಡನೆಯ, ಮೂರನೆಯ ನಿಷ್ಪನ್ನಗಳನ್ನು ಕ್ರಮವಾಗಿ ಫ′, ಫ″, ಫ‴ ಎಂದೂ, ಬೆಲೆ ಗೊತ್ತಿರುವ ಬಿಂದುವನ್ನು ‘ಅ’ ಎಂದೂ, ಅಲ್ಲಿಂದ ಸರಿದ ದೂರವನ್ನು ‘ಹ’ ಎಂದೂ ಬರೆದರೆ ಟೇಲರ್ ಶ್ರೇಣಿ ಹೀಗಿರುತ್ತದೆ:

ಫ(ಅ + ಹ) = ಫ(ಅ) + ಹ × ಫ′(ಅ) + (ಹ²/2) × ಫ″(ಅ) + (ಹ³/6) × ಫ‴(ಅ) + …

ಛೇದದಲ್ಲಿ ಬರುವ 2, 6, 24, 120 ಎಂಬ ಸಂಖ್ಯೆಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಸಹಜ. ಇವು 1×2, 1×2×3, 1×2×3×4, 1×2×3×4×5 ಎಂಬ ಗುಣಲಬ್ಧಗಳು. ಇವನ್ನೇ ಫ್ಯಾಕ್ಟೋರಿಯಲ್ ಎಂದು ಕರೆಯುತ್ತಾರೆ. ಹ³ ಎಂಬ ಪದದ ನಿಷ್ಪನ್ನವನ್ನು ಮೂರು ಬಾರಿ ತೆಗೆದರೆ ಮೊದಲು 3ಹ², ಬಳಿಕ 6ಹ, ಕೊನೆಗೆ 6 ಉಳಿಯುತ್ತದೆ. ಮೂಲ ಫಲನದ ಮೂರನೆಯ ನಿಷ್ಪನ್ನಕ್ಕೆ ಶ್ರೇಣಿಯ ಮೂರನೆಯ ನಿಷ್ಪನ್ನ ಸರಿಹೊಂದಬೇಕಾದರೆ ಆ 6ರಿಂದ ಭಾಗಿಸುವುದು ಅನಿವಾರ್ಯ.

ಹೀಗೆ ಬೆಲೆ, ಓರೆ, ಬಾಗು ಎಲ್ಲವನ್ನೂ ಒಂದೊಂದಾಗಿ ಹೊಂದಿಸುತ್ತ ಹೋದಂತೆ, ಕೂಡುವಿಕೆ ಮತ್ತು ಗುಣಾಕಾರಗಳಿಂದಷ್ಟೇ ಕಟ್ಟಿದ ಬಹುಪದೋಕ್ತಿಯೊಂದು ಮೂಲ ವಕ್ರರೇಖೆಯನ್ನು ಆ ಬಿಂದುವಿನ ಸುತ್ತ ಹೆಚ್ಚು ಹೆಚ್ಚು ನಿಕಟವಾಗಿ ಅಪ್ಪಿಕೊಳ್ಳುತ್ತದೆ. ‘ಅ’ ಸೊನ್ನೆಯಾಗಿದ್ದರೆ ಇದೇ ಶ್ರೇಣಿಗೆ ಮೆಕ್ಲಾರಿನ್ ಶ್ರೇಣಿ ಎಂಬ ಹೆಸರಿದೆ.

ನೆನಪಿನಲ್ಲಿರಬೇಕಾದ ಶ್ರೇಣಿಗಳು

ಪರೀಕ್ಷೆಗೂ ಪ್ರಯೋಗಕ್ಕೂ ಪದೇ ಪದೇ ಬೇಕಾಗುವ ಶ್ರೇಣಿಗಳು ಕೆಲವೇ. ಇಲ್ಲಿ ‘ಕ್ಷ’ ಎಂಬುದು ಚರಸಂಖ್ಯೆ, 2.71828… ಎಂಬ ‘ಇ’ ಸಂಖ್ಯೆಯ ಕ್ಷ-ನೇ ಘಾತವನ್ನು ಎಕ್ಸ್‌ಪ್(ಕ್ಷ) ಎಂದು ಬರೆಯಲಾಗಿದೆ.

ಎಕ್ಸ್‌ಪ್(ಕ್ಷ) = 1 + ಕ್ಷ + ಕ್ಷ²/2 + ಕ್ಷ³/6 + ಕ್ಷ⁴/24 + …
ಸೈನ್ ಕ್ಷ = ಕ್ಷ − ಕ್ಷ³/6 + ಕ್ಷ⁵/120 − …
ಕೊಸೈನ್ ಕ್ಷ = 1 − ಕ್ಷ²/2 + ಕ್ಷ⁴/24 − …
ಲಾಗ್(1 + ಕ್ಷ) = ಕ್ಷ − ಕ್ಷ²/2 + ಕ್ಷ³/3 − …
√(1 + ಕ್ಷ) = 1 + ಕ್ಷ/2 − ಕ್ಷ²/8 + ಕ್ಷ³/16 − …
1/(1 − ಕ್ಷ) = 1 + ಕ್ಷ + ಕ್ಷ² + ಕ್ಷ³ + …

ಸೈನ್ ಮತ್ತು ಕೊಸೈನ್ ಶ್ರೇಣಿಗಳಲ್ಲಿ ಕೋನವನ್ನು ಡಿಗ್ರಿಯಲ್ಲಿ ಅಲ್ಲ, ರೇಡಿಯನ್‌ನಲ್ಲಿ ಬರೆಯಬೇಕು. 180 ಡಿಗ್ರಿಗೆ 3.14159… ರೇಡಿಯನ್. ಲಾಗ್ ಎಂದರೆ ಇಲ್ಲಿ ‘ಇ’ ಆಧಾರದ ಸ್ವಾಭಾವಿಕ ಲಾಗರಿತಂ.

ಕಾಗದದ ಮೇಲೆ ಸೈನ್ 10 ಡಿಗ್ರಿ

10 ಡಿಗ್ರಿ ಎಂದರೆ 0.17453293 ರೇಡಿಯನ್. ಮೊದಲ ಪದವೊಂದನ್ನೇ ಇಟ್ಟುಕೊಂಡರೆ ಉತ್ತರ 0.17453293. ನಿಜವಾದ ಬೆಲೆಗಿಂತ ಇದು ಸುಮಾರು 0.0009ರಷ್ಟು ಹೆಚ್ಚು. ಎರಡನೆಯ ಪದವಾದ ಕ್ಷ³/6ರ ಬೆಲೆ 0.00088610; ಅದನ್ನು ಕಳೆದರೆ 0.17364683. ಮೂರನೆಯ ಪದ ಕ್ಷ⁵/120ರ ಬೆಲೆ 0.00000135, ಅದನ್ನು ಕೂಡಿದರೆ 0.17364818. ಕ್ಯಾಲ್ಕ್ಯುಲೇಟರ್ ತೋರಿದ ಎಂಟೂ ಅಂಕಿಗಳು ಮೂರೇ ಪದಗಳಲ್ಲಿ ದೊರೆತವು.

ಇನ್ನು ತಪ್ಪಿನ ಪ್ರಮಾಣ. ನಾಲ್ಕನೆಯ ಪದವಾದ ಕ್ಷ⁷/5040ರ ಬೆಲೆ ಇಲ್ಲಿ ನೂರು ಕೋಟಿಯಲ್ಲಿ ಒಂದು ಭಾಗದಷ್ಟು. ಚಿಹ್ನೆಗಳು ಒಂದರ ನಂತರ ಒಂದು ಬದಲಾಗುತ್ತ, ಪದಗಳು ಸೊನ್ನೆಯತ್ತ ಕಿರಿದಾಗುತ್ತ ಹೋಗುವ ಶ್ರೇಣಿಗಳಲ್ಲಿ ಒಟ್ಟು ತಪ್ಪು ‘ಬಿಟ್ಟ ಮೊದಲ ಪದ’ಕ್ಕಿಂತ ಹೆಚ್ಚಾಗಲಾರದು. ಆದ್ದರಿಂದ ನಿಜವಾದ ಉತ್ತರ ತಿಳಿಯದಿದ್ದರೂ, ಪಡೆದ ಉತ್ತರ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನು ಧೈರ್ಯವಾಗಿ ಹೇಳಬಹುದು.

ವರ್ಗಮೂಲಕ್ಕೂ ಇದೇ ಉಪಾಯ. 102ರ ವರ್ಗಮೂಲವನ್ನು 10 × √1.02 ಎಂದು ಬರೆದು ಮೂರು ಪದ ಇಟ್ಟುಕೊಂಡರೆ 10 × (1 + 0.01 − 0.00005), ಅಂದರೆ 10.0995. ನಿಜವಾದ ಬೆಲೆ 10.099505. ಇದಕ್ಕೆ ಯಂತ್ರವೂ ಬೇಡ, ಕಾಗದವೂ ಬೇಡ.

ಇಲ್ಲೊಂದು ತಪ್ಪುತಿಳಿವಳಿಕೆಯನ್ನು ಸರಿಪಡಿಸಬೇಕು. ಎಲ್ಲ ಕ್ಯಾಲ್ಕ್ಯುಲೇಟರ್‌ಗಳೂ ಟೇಲರ್ ಶ್ರೇಣಿಯನ್ನೇ ಬಳಸುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಹಲವು ಕಿಸೆ ಕ್ಯಾಲ್ಕ್ಯುಲೇಟರ್‌ಗಳು ಜ್ಯಾಕ್ ವೋಲ್ಡರ್ 1959ರಲ್ಲಿ ಪ್ರಕಟಿಸಿದ ಕಾರ್ಡಿಕ್ ಎಂಬ ಬೇರೊಂದು ವಿಧಾನವನ್ನು ಅನುಸರಿಸುತ್ತವೆ. ಕಂಪ್ಯೂಟರ್‌ಗಳ ಗಣಿತ ತಂತ್ರಾಂಶಗಳು ಸಾಮಾನ್ಯವಾಗಿ ಬಹುಪದೋಕ್ತಿಗಳನ್ನೇ ಬಳಸಿದರೂ, ತಪ್ಪು ಒಂದೇ ಬಿಂದುವಿನಲ್ಲಿ ಕಿರಿದಾಗುವ ಬದಲು ಇಡೀ ವ್ಯಾಪ್ತಿಯಲ್ಲಿ ಸಮನಾಗಿ ಹರಡುವಂತೆ ಸಹಗುಣಕಗಳನ್ನು ತುಸು ತಿದ್ದಿರುತ್ತವೆ. ಕಷ್ಟದ ಫಲನದ ಬದಲು ಬಹುಪದೋಕ್ತಿಯನ್ನು ಇಡುವ ವಿಚಾರವಂತೂ ಅದೇ.

‘72ರ ಸೂತ್ರ’ದ ಗುಟ್ಟು

ಬ್ಯಾಂಕಿನಲ್ಲಿಟ್ಟ ಠೇವಣಿ ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ ಎಂಬುದಕ್ಕೆ 72ನ್ನು ಬಡ್ಡಿದರದಿಂದ ಭಾಗಿಸಿ ಎಂಬ ಸಲಹೆ ಹಣಕಾಸು ವಲಯದಲ್ಲಿ ಪ್ರಚಲಿತ. ಶೇ. 8ರ ಚಕ್ರಬಡ್ಡಿಯಾದರೆ 9 ವರ್ಷ. ಈ 72 ಎಲ್ಲಿಂದ ಬಂತು?

ನಿಖರ ಲೆಕ್ಕದಂತೆ ಬೇಕಾಗುವ ವರ್ಷಗಳ ಸಂಖ್ಯೆ ಲಾಗ್ 2 ಭಾಗಿಸು ಲಾಗ್(1 + ಕ್ಷ). ಇಲ್ಲಿ ಕ್ಷ ಎಂದರೆ ಬಡ್ಡಿದರ, ಅಂದರೆ 0.08. ಲಾಗ್ 2ರ ಬೆಲೆ 0.693. ಲಾಗ್(1 + ಕ್ಷ) ಶ್ರೇಣಿಯ ಮೊದಲ ಪದವನ್ನಷ್ಟೇ ಇಟ್ಟುಕೊಂಡರೆ 0.693 ಭಾಗಿಸು 0.08, ಅಂದರೆ 8.66 ವರ್ಷ. ಈ ಲೆಕ್ಕದಲ್ಲಿ ಸೂತ್ರ ‘69.3ರ ಸೂತ್ರ’ವಾಗುತ್ತದೆ. ಎರಡನೆಯ ಪದವನ್ನೂ ಸೇರಿಸಿಕೊಂಡರೆ ಛೇದ ಸ್ವಲ್ಪ ಕಿರಿದಾಗಿ, 69.3 ಎಂಬ ಸಂಖ್ಯೆ ಬಡ್ಡಿದರದ ಅರ್ಧದಷ್ಟು, ಅಂದರೆ ಶೇ. 4ರಷ್ಟು ಹಿಗ್ಗುತ್ತದೆ. 69.3ಕ್ಕೆ ಅದರ ಶೇ. 4 ಸೇರಿಸಿದರೆ 72.1. ನಿಖರ ಉತ್ತರ 9.006 ವರ್ಷ.

72ರ ಸೂತ್ರ ಶೇ. 8ರ ಆಸುಪಾಸಿನ ದರಗಳಿಗೆ ಏಕೆ ಚೆನ್ನಾಗಿ ಹೊಂದುತ್ತದೆ, ಶೇ. 2ಕ್ಕೆ 70 ಏಕೆ ಲೇಸು, ಶೇ. 24ರಂಥ ದುಬಾರಿ ಸಾಲಕ್ಕೆ 78ರ ಹತ್ತಿರದ ಸಂಖ್ಯೆ ಏಕೆ ಬೇಕು ಎಂಬುದೆಲ್ಲ ಆ ಎರಡನೆಯ ಪದದಿಂದಲೇ ತಿಳಿಯುತ್ತದೆ. 72ರಿಂದ ಭಾಗಗಳು ಸಲೀಸಾಗಿ ಹೋಗುವುದೂ ಅದರ ಜನಪ್ರಿಯತೆಗೆ ಇನ್ನೊಂದು ಕಾರಣ.

ಸಂಗಮಗ್ರಾಮದಿಂದ ಲಂಡನ್‌ಗೆ

ಶ್ರೇಣಿಗೆ ಹೆಸರು ಕೊಟ್ಟ ಬ್ರೂಕ್ ಟೇಲರ್ (1685–1731) ಇಂಗ್ಲೆಂಡಿನ ಗಣಿತಜ್ಞ. 1715ರಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಆತ ಸಾಮಾನ್ಯ ಸೂತ್ರವನ್ನು ಮುಂದಿಟ್ಟ. ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗೊರಿ ಅದಕ್ಕೂ ಮೊದಲೇ, 1671ರ ವೇಳೆಗೆ, ಇಂಥ ಹಲವು ಶ್ರೇಣಿಗಳನ್ನು ಕಂಡುಕೊಂಡಿದ್ದ. 1742ರಲ್ಲಿ ಕೊಲಿನ್ ಮೆಕ್ಲಾರಿನ್ ತನ್ನ ಕೃತಿಯಲ್ಲಿ ಸೊನ್ನೆಯ ಸುತ್ತಲಿನ ಶ್ರೇಣಿಯನ್ನು ವಿವರವಾಗಿ ಬಳಸಿ, ಅದರ ಶ್ರೇಯವನ್ನು ಟೇಲರ್‌ಗೇ ಸಲ್ಲಿಸಿದ. ಆದರೂ ಶ್ರೇಣಿ ಮೆಕ್ಲಾರಿನ್ ಹೆಸರಿನಲ್ಲೇ ಉಳಿಯಿತು.

ಆದರೆ ಸೈನ್ ಮತ್ತು ಕೊಸೈನ್ ಶ್ರೇಣಿಗಳ ಇತಿಹಾಸ ಇದಕ್ಕಿಂತ ಸುಮಾರು ಮೂರು ಶತಮಾನ ಹಿಂದಕ್ಕೆ, ಕೇರಳಕ್ಕೆ ಕರೆದೊಯ್ಯುತ್ತದೆ. ಸಂಗಮಗ್ರಾಮದ ಮಾಧವ (ಸು. 1340–1425) ಈ ಶ್ರೇಣಿಗಳನ್ನೂ, ವೃತ್ತದ ಪರಿಧಿಯ ಲೆಕ್ಕಕ್ಕೆ ಬೇಕಾದ ಅನಂತ ಶ್ರೇಣಿಯನ್ನೂ ಕಂಡುಹಿಡಿದ. ಸಂಗಮಗ್ರಾಮವನ್ನು ತ್ರಿಶೂರು ಬಳಿಯ ಇರಿಂಞಾಲಕುಡ ಎಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಶ್ರೇಣಿಗಳ ಬಗ್ಗೆ ಮಾಧವನೇ ಬರೆದ ಕೃತಿ ಉಳಿದಿಲ್ಲ. ಅವನ ಪರಂಪರೆಯ ನೀಲಕಂಠ ಸೋಮಯಾಜಿ, ಜ್ಯೇಷ್ಠದೇವ, ಶಂಕರ ವಾರಿಯರ್ ಅವರ ಬರಹಗಳಿಂದ ಅವು ತಿಳಿದುಬಂದಿವೆ. ಸುಮಾರು 1530ರಲ್ಲಿ ಜ್ಯೇಷ್ಠದೇವ ಮಲಯಾಳದಲ್ಲಿ ಬರೆದ ‘ಯುಕ್ತಿಭಾಷಾ’ ಗ್ರಂಥವು ಸೂತ್ರಗಳ ಜತೆ ಅವುಗಳ ಉಪಪತ್ತಿಯನ್ನೂ ನೀಡುತ್ತದೆ ಎಂಬುದು ವಿಶೇಷ.

ಮಾಧವ 24 ಜ್ಯಾಬೆಲೆಗಳ, ಅಂದರೆ ಇಂದಿನ ಸೈನ್ ಬೆಲೆಗಳ ಪಟ್ಟಿಯನ್ನು ಕಟಪಯಾದಿ ಅಕ್ಷರಸಂಖ್ಯಾ ಪದ್ಧತಿಯಲ್ಲಿ ಕೊಟ್ಟಿದ್ದಾನೆ. ಕರ್ನಾಟಕ ಸಂಗೀತ ಬಲ್ಲವರಿಗೆ 72 ಮೇಳಕರ್ತ ರಾಗಗಳ ಹೆಸರಿನ ಮೂಲಕ ಈ ಪದ್ಧತಿ ಪರಿಚಿತ. ಪರಿಧಿ ಮತ್ತು ವ್ಯಾಸಗಳ ಅನುಪಾತವಾದ ‘ಪೈ’ಗೆ ಅವನು ಕೊಟ್ಟ ಬೆಲೆ 3.14159265359, ಇದು ದಶಮಾಂಶದ 11 ಸ್ಥಾನಗಳವರೆಗೆ ಸರಿ.

ಬಿಟ್ಟ ಪದಗಳ ಲೆಕ್ಕ ಎಷ್ಟು ಮುಖ್ಯ ಎಂಬುದನ್ನು ಕೇರಳದ ಗಣಿತಜ್ಞರು ಆಗಲೇ ಅರಿತಿದ್ದರು. ಪೈ = 4 × (1 − 1/3 + 1/5 − 1/7 + …) ಎಂಬ ಪ್ರಸಿದ್ಧ ಶ್ರೇಣಿ ನೋಡಲು ಸುಂದರ, ನಡೆಯಲು ಆಮೆ. ನೂರು ಪದ ಕೂಡಿದರೂ ಸಿಗುವುದು 3.1316 ಮಾತ್ರ. ಹಾಗಾಗಿ ಕೊನೆಯಲ್ಲಿ ಬಿಟ್ಟ ಭಾಗಕ್ಕೆ ಸರಿಸಮವಾದ ತಿದ್ದುಪಡಿ ಪದವೊಂದನ್ನು ಸೇರಿಸುವ ಕ್ರಮವನ್ನು ಅವರು ರೂಪಿಸಿದರು.

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಚಾರ್ಲ್ಸ್ ವಿಷ್ 1830ರ ದಶಕದಲ್ಲಿ ಬರೆದ ಪ್ರಬಂಧವು ಈ ಪರಂಪರೆಯನ್ನು ಯುರೋಪಿಗೆ ಪರಿಚಯಿಸಿತು. ಮಾಧವನ ಸಾಧನೆ ನಿರ್ದಿಷ್ಟ ಶ್ರೇಣಿಗಳದ್ದು. ಎಲ್ಲ ಫಲನಗಳಿಗೂ ಅನ್ವಯಿಸುವ ಸಾಮಾನ್ಯ ಸೂತ್ರ ಟೇಲರ್ ಕಾಲದ್ದು. ಕೇರಳದಿಂದ ಯುರೋಪಿಗೆ ಈ ಜ್ಞಾನ ಮೊದಲೇ ಹರಿದಿತ್ತು ಎಂಬುದಕ್ಕೆ ನೇರ ದಾಖಲೆ ದೊರೆತಿಲ್ಲ. ಎರಡೂ ಮಾತುಗಳನ್ನು ಒಟ್ಟಿಗೆ ನೆನಪಿಡುವುದು ಇತಿಹಾಸಕ್ಕೆ ಸಲ್ಲುವ ನ್ಯಾಯ.

ಟೇಲರ್ ಸೂತ್ರದಲ್ಲಿ ಇದ್ದ ದೊಡ್ಡ ಕೊರತೆ ಎಂದರೆ ಉಳಿಕೆಯ ಅಂದಾಜು. 1797ರ ತನ್ನ ಕೃತಿಯಲ್ಲಿ ಜೋಸೆಫ್ ಲೂಯಿ ಲಗ್ರಾಂಜ್ ಅದನ್ನು ತುಂಬಿದ. ಬಿಟ್ಟ ಭಾಗವೆಲ್ಲ ಸೇರಿ ‘ಮುಂದಿನ ಪದ’ದ ರೂಪದಲ್ಲೇ ಇರುತ್ತದೆ, ನಿಷ್ಪನ್ನವನ್ನು ಮಾತ್ರ ಅ ಮತ್ತು ಅ + ಹಗಳ ನಡುವಿನ ಯಾವುದೋ ಒಂದು ಬಿಂದುವಿನಲ್ಲಿ ತೆಗೆದುಕೊಳ್ಳಬೇಕು ಎಂಬುದು ಅವನ ನಿಷ್ಕರ್ಷೆ.

ಸೊನ್ನೆ ಭಾಗಿಸು ಸೊನ್ನೆ

ಕಲನಶಾಸ್ತ್ರದ ಆರಂಭದಲ್ಲೇ ವಿದ್ಯಾರ್ಥಿಗಳನ್ನು ಕಾಡುವ ಒಗಟು ಲಿಮಿಟ್ ಅಥವಾ ಪರಿಮಿತಿ. (ಸೈನ್ ಕ್ಷ)/ಕ್ಷ ಎಂಬುದರಲ್ಲಿ ಕ್ಷ ಸೊನ್ನೆಯಾದರೆ ಅಂಶವೂ ಸೊನ್ನೆ, ಛೇದವೂ ಸೊನ್ನೆ. ಹಾಗೆ ಭಾಗಿಸುವುದಕ್ಕೆ ಅರ್ಥವಿಲ್ಲ. ಆದರೆ ಕ್ಷ ಸೊನ್ನೆಯ ಹತ್ತಿರಕ್ಕೆ ಸರಿಯುತ್ತ ಹೋದಂತೆ ಭಾಗಲಬ್ಧ ಎತ್ತ ಸಾಗುತ್ತದೆ ಎಂದು ಕೇಳುವುದಕ್ಕೆ ಅರ್ಥವಿದೆ.

ಸೈನ್ ಶ್ರೇಣಿಯನ್ನು ಕ್ಷದಿಂದ ಭಾಗಿಸಿದರೆ 1 − ಕ್ಷ²/6 + … ಉಳಿಯುತ್ತದೆ. ಕ್ಷ ಸೊನ್ನೆಯತ್ತ ಸರಿದಾಗ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಳಿಯುತ್ತದೆ, ಪರಿಮಿತಿ 1. (1 − ಕೊಸೈನ್ ಕ್ಷ)/ಕ್ಷ² ಎಂಬುದಕ್ಕೆ ಕೊಸೈನ್ ಶ್ರೇಣಿ ಹಾಕಿದರೆ 1/2 − ಕ್ಷ²/24 + …, ಪರಿಮಿತಿ 1/2. (ಕ್ಷ − ಸೈನ್ ಕ್ಷ)/ಕ್ಷ³ ಎಂಬುದರ ಪರಿಮಿತಿ ಒಂದೇ ಸಾಲಿನಲ್ಲಿ 1/6.

ಇಂಥ ಲೆಕ್ಕಗಳಿಗೆ ಲೋಪಿತಾಲ್ ನಿಯಮವೂ ಇದೆ. ಅಂಶ, ಛೇದಗಳ ನಿಷ್ಪನ್ನಗಳನ್ನು ಬೇರೆಬೇರೆಯಾಗಿ ತೆಗೆದು ಮತ್ತೆ ಪ್ರಯತ್ನಿಸುವುದು ಅದರ ಕ್ರಮ. 1696ರಲ್ಲಿ ಪ್ರಕಟವಾದ ಲೋಪಿತಾಲ್‌ನ ಪಠ್ಯಪುಸ್ತಕದಲ್ಲಿ ಅದು ಕಾಣಿಸಿಕೊಂಡರೂ, ಹಣ ಪಡೆದು ಅವನಿಗೆ ಪಾಠ ಹೇಳಿದ ಯೋಹಾನ್ ಬರ್ನೂಲಿ ಆ ನಿಯಮದ ನಿಜವಾದ ಕರ್ತೃ. ಮೇಲಿನ ಮೂರನೆಯ ಉದಾಹರಣೆಗೆ ಆ ನಿಯಮವನ್ನು ಮೂರು ಬಾರಿ ಹಚ್ಚಬೇಕು. ಛೇದದಲ್ಲಿ ಕ್ಷ⁶ ಇದ್ದರೆ ಆರು ಬಾರಿ ಬೇಕಾದೀತು. ಶ್ರೇಣಿಯಲ್ಲಾದರೆ ಮೊದಲ ಅಳಿಯದ ಪದವನ್ನು ಗುರುತಿಸಿದರೆ ಸಾಕು. ಉತ್ತರ ಏಕೆ ಹಾಗೆ ಬಂತು ಎಂಬುದೂ ಕಣ್ಣಿಗೆ ಕಾಣುತ್ತದೆ.

ಅನಂತದತ್ತ ಸಾಗುವ ಪರಿಮಿತಿಗೂ ಇದು ಒದಗುತ್ತದೆ. ವರ್ಷಕ್ಕೆ ಶೇ. 100ರ ಬಡ್ಡಿಯಂತೆ ಇಟ್ಟ 1 ರೂಪಾಯಿ ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿದರೆ 2 ರೂಪಾಯಿ, ತಿಂಗಳಿಗೊಮ್ಮೆ ಸೇರಿಸಿದರೆ 2.6130, ದಿನಕ್ಕೊಮ್ಮೆ ಸೇರಿಸಿದರೆ 2.7146 ರೂಪಾಯಿ ಆಗುತ್ತದೆ. ಕ್ಷಣಕ್ಷಣಕ್ಕೂ ಸೇರಿಸಿದರೆ? ‘ನ’ ಬಾರಿ ಬಡ್ಡಿ ಸೇರಿಸಿದಾಗಿನ ಮೊತ್ತದ ಲಾಗರಿತಂ ನ × ಲಾಗ್(1 + 1/ನ). ಶ್ರೇಣಿಯಂತೆ ಇದು 1 − 1/(2ನ) + …. ನ ಅನಂತದತ್ತ ಸರಿದಾಗ 1. ಆದ್ದರಿಂದ ಮೊತ್ತ 2.71828…, ಅಂದರೆ ‘ಇ’. ಬಡ್ಡಿಯನ್ನು ಎಷ್ಟೇ ಬಾರಿ ಸೇರಿಸಿದರೂ ಹಣ ಈ ಸಂಖ್ಯೆಯನ್ನು ದಾಟದು.

ಅವಸರದಲ್ಲಿ ಬಿಟ್ಟರೆ ಅನರ್ಥ

(ಕ್ಷ × ಕೊಸೈನ್ ಕ್ಷ − ಸೈನ್ ಕ್ಷ)/ಕ್ಷ³ ಎಂಬುದರ ಪರಿಮಿತಿ ಎಷ್ಟು? ‘ಕ್ಷ ಸಣ್ಣದಾದಾಗ ಕೊಸೈನ್ ಕ್ಷ ಎಂದರೆ 1, ಸೈನ್ ಕ್ಷ ಎಂದರೆ ಕ್ಷ’ ಎಂದು ಅವಸರದಿಂದ ಹಾಕಿದರೆ ಅಂಶ ಸೊನ್ನೆಯಾಗಿ, ಉತ್ತರವೂ ಸೊನ್ನೆ ಎನಿಸುತ್ತದೆ. ಇದು ತಪ್ಪು.

ಛೇದದಲ್ಲಿ ಕ್ಷ³ ಇರುವುದರಿಂದ ಅಂಶದಲ್ಲೂ ಕ್ಷ³ವರೆಗಿನ ಪದಗಳನ್ನು ಉಳಿಸಲೇಬೇಕು. ಕ್ಷ × ಕೊಸೈನ್ ಕ್ಷ ಎಂದರೆ ಕ್ಷ − ಕ್ಷ³/2. ಸೈನ್ ಕ್ಷ ಎಂದರೆ ಕ್ಷ − ಕ್ಷ³/6. ಕಳೆದಾಗ ಉಳಿಯುವುದು −ಕ್ಷ³/3. ಹೀಗಾಗಿ ಪರಿಮಿತಿ −1/3. ಕ್ಷಕ್ಕೆ 0.1 ಹಾಕಿ ಪರಿಶೀಲಿಸಿದರೆ −0.3330 ಬರುತ್ತದೆ. ಮೊದಲ ಪದಗಳು ಒಂದನ್ನೊಂದು ಹೊಡೆದುಹಾಕಿದಾಗ, ‘ಸಣ್ಣದು’ ಎಂದು ಬಿಟ್ಟಿದ್ದ ಪದವೇ ಉತ್ತರವಾಗುತ್ತದೆ. ಪರೀಕ್ಷೆಗಳಲ್ಲಿ ಅಂಕ ಕಳೆದುಹೋಗುವುದು ಬಹುಪಾಲು ಇಲ್ಲಿಯೇ.

ಯಂತ್ರ ಎಡವುವ ಜಾಗ

ಇದೇ ತಪ್ಪನ್ನು ಕಂಪ್ಯೂಟರ್ ಕೂಡ ಮಾಡುತ್ತದೆ. (1 − ಕೊಸೈನ್ ಕ್ಷ)/ಕ್ಷ² ಎಂಬುದಕ್ಕೆ ಕ್ಷ = 0.00000001 ಎಂದು ಕೊಟ್ಟರೆ ಬರಬೇಕಾದ ಉತ್ತರ 0.5. ಆದರೆ ಸುಮಾರು 16 ಅಂಕಿಗಳ ಸಾಮಾನ್ಯ ನಿಖರತೆಯಲ್ಲಿ ಲೆಕ್ಕ ಮಾಡುವ ಕಂಪ್ಯೂಟರ್ ನೇರವಾಗಿ ಕೊಡುವ ಉತ್ತರ ಸೊನ್ನೆ. ಕೊಸೈನ್‌ನ ಬೆಲೆ ಒಂದಕ್ಕಿಂತ ಎಷ್ಟು ಕಡಿಮೆಯೆಂದರೆ ದಶಮಾಂಶದ 17ನೇ ಸ್ಥಾನದಲ್ಲಿ 5. ಅಷ್ಟು ಸೂಕ್ಷ್ಮ ಅಂತರವನ್ನು ಹಿಡಿದಿಡಲಾಗದ ಯಂತ್ರ ಅದನ್ನು ಸರಿಯಾಗಿ 1 ಎಂದೇ ದಾಖಲಿಸಿಕೊಳ್ಳುತ್ತದೆ. 1ರಿಂದ 1 ಕಳೆದರೆ ಸೊನ್ನೆ.

ಯಂತ್ರ ಕೈಕೊಟ್ಟ ಈ ಜಾಗದಲ್ಲಿ ಶ್ರೇಣಿ ಕೈಹಿಡಿಯುತ್ತದೆ. ಅದರ ಮೊದಲ ಪದವೇ 1/2. ಈ ಕಾರಣಕ್ಕೇ ಅನೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಲಾಗ್(1 + ಕ್ಷ) ಹಾಗೂ ಎಕ್ಸ್‌ಪ್(ಕ್ಷ) − 1 ಎಂಬ ಲೆಕ್ಕಗಳಿಗೆ ಪ್ರತ್ಯೇಕ ಆದೇಶಗಳನ್ನೇ ಒದಗಿಸಲಾಗಿದೆ.

ಉಪಗ್ರಹದ ಗಡಿಯಾರ

ಮೊಬೈಲ್‌ನಲ್ಲಿ ದಾರಿ ತೋರುವ ಜಿಪಿಎಸ್ ವ್ಯವಸ್ಥೆಯ ಉಪಗ್ರಹಗಳು ಸೆಕೆಂಡಿಗೆ ಸುಮಾರು 3.87 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತವೆ. ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತದಂತೆ ಚಲಿಸುವ ಗಡಿಯಾರ ನಿಧಾನವಾಗುತ್ತದೆ. ಉಪಗ್ರಹದ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ ವರ್ಗ ಮಾಡಿದ ಸಂಖ್ಯೆಯನ್ನು ಕ್ಷ ಎಂದರೆ, ಗಡಿಯಾರದ ಗತಿ √(1 − ಕ್ಷ).

ಹತ್ತಂಕಿಯ ಕ್ಯಾಲ್ಕ್ಯುಲೇಟರ್‌ನಲ್ಲಿ ಇದನ್ನು ನೇರವಾಗಿ ಲೆಕ್ಕ ಹಾಕಿದರೆ 0.9999999999 ಎಂದಷ್ಟೇ ಬರುತ್ತದೆ. ಅದರಿಂದ ದಿನಕ್ಕೆ 8.6 ಮೈಕ್ರೊಸೆಕೆಂಡ್ ವ್ಯತ್ಯಾಸ ಎಂಬ ತಪ್ಪು ಫಲಿತಾಂಶ ಸಿಗುತ್ತದೆ. ಶ್ರೇಣಿಯಂತೆ ವ್ಯತ್ಯಾಸ ಕ್ಷ/2. ಲೆಕ್ಕ ಮಾಡಿದರೆ ದಿನಕ್ಕೆ ಸುಮಾರು 7.2 ಮೈಕ್ರೊಸೆಕೆಂಡ್. ಮುಂದಿನ ಪದ ಇದರ ಸಾವಿರ ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ. ಅದನ್ನು ನಿಶ್ಚಿಂತೆಯಿಂದ ಬಿಡಬಹುದು.

ಇನ್ನೊಂದೆಡೆ, ಎತ್ತರದಲ್ಲಿ ಗುರುತ್ವ ಕ್ಷೀಣವಾಗಿರುವುದರಿಂದ ಅದೇ ಗಡಿಯಾರ ದಿನಕ್ಕೆ ಸುಮಾರು 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಎರಡೂ ಸೇರಿ ನಿವ್ವಳ 38 ಮೈಕ್ರೊಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿಲೋಮೀಟರ್‌ಗೂ ಹೆಚ್ಚು ದೂರ ಕ್ರಮಿಸುತ್ತದೆ. ಆದ್ದರಿಂದಲೇ ಈ ಉಪಗ್ರಹಗಳ ಗಡಿಯಾರಗಳ ಆವರ್ತನವನ್ನು 10.23 ಮೆಗಾಹರ್ಟ್ಸ್ ಬದಲಿಗೆ ಉಡಾವಣೆಗೆ ಮುನ್ನವೇ 10.22999999543ಕ್ಕೆ ತಗ್ಗಿಸಿ ಇಡಲಾಗುತ್ತದೆ.

ಶ್ರೇಣಿಗೂ ಎಲ್ಲೆಯುಂಟು

ಟೇಲರ್ ಶ್ರೇಣಿ ಸರ್ವರೋಗ ನಿವಾರಕವಲ್ಲ. 1/(1 − ಕ್ಷ) ಶ್ರೇಣಿಯಲ್ಲಿ ಕ್ಷಕ್ಕೆ 2 ಹಾಕಿದರೆ ಎಡಗಡೆ −1, ಬಲಗಡೆ 1 + 2 + 4 + 8 + … ಎಂದು ಮಿತಿಯಿಲ್ಲದೆ ಬೆಳೆಯುವ ಮೊತ್ತ. ಕ್ಷ −1 ಮತ್ತು 1ರ ನಡುವೆ ಇದ್ದಾಗ ಮಾತ್ರ ಈ ಸಮೀಕರಣ ಸಾಧು. ಲಾಗ್(1 + ಕ್ಷ) ಶ್ರೇಣಿಗೂ ಕ್ಷ 1ನ್ನು ಮೀರಬಾರದೆಂಬ ನಿರ್ಬಂಧವಿದೆ. ಸೈನ್, ಕೊಸೈನ್, ಎಕ್ಸ್‌ಪ್ ಶ್ರೇಣಿಗಳಿಗೆ ಇಂಥ ಗಡಿಯಿಲ್ಲ. ಆದರೂ ಕ್ಷ ದೊಡ್ಡದಾದಷ್ಟೂ ಹೆಚ್ಚು ಪದಗಳು ಬೇಕಾಗುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವನ್ನು ಫ್ರಾನ್ಸಿನ ಗಣಿತಜ್ಞ ಆಗಸ್ಟಿನ್ ಲೂಯಿ ಕೋಶಿ 19ನೇ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟ. ಎಕ್ಸ್‌ಪ್(−1/ಕ್ಷ²) ಎಂಬ ಫಲನಕ್ಕೆ ಕ್ಷ = 0 ಆದಾಗ 0 ಎಂಬ ಬೆಲೆ ಕೊಟ್ಟರೆ, ಆ ಬಿಂದುವಿನಲ್ಲಿ ಅದರ ಎಲ್ಲ ನಿಷ್ಪನ್ನಗಳೂ ಸೊನ್ನೆ. ಆದ್ದರಿಂದ ಅದರ ಟೇಲರ್ ಶ್ರೇಣಿ 0 + 0 + 0 + … ಎಂದಾಗುತ್ತದೆ. ಫಲನವಾದರೋ ಆ ಬಿಂದುವನ್ನು ಬಿಟ್ಟರೆ ಬೇರೆಲ್ಲೂ ಸೊನ್ನೆಯಲ್ಲ. ಶ್ರೇಣಿ ಒಂದು ಮೊತ್ತಕ್ಕೆ ಬಂದು ನಿಂತಿತೆಂದ ಮಾತ್ರಕ್ಕೆ ಅದು ಮೂಲ ಫಲನವೇ ಎಂದು ನಂಬುವಂತಿಲ್ಲ. ಉಳಿಕೆ ಸೊನ್ನೆಯತ್ತ ಸಾಗುತ್ತದೆಯೇ ಎಂಬುದನ್ನು ಪರೀಕ್ಷಿಸಬೇಕು.

ಗಮನದಲ್ಲಿಡಬೇಕಾದ ಅಂಶಗಳು

* ಬೆಲೆ ಬೇಕಾದ ಬಿಂದುವಿಗೆ ಆದಷ್ಟು ಹತ್ತಿರವಿರುವ, ಲೆಕ್ಕ ಸುಲಭವಾದ ಬಿಂದುವನ್ನು ‘ಅ’ ಎಂದು ಆರಿಸಬೇಕು. 102ರ ವರ್ಗಮೂಲಕ್ಕೆ 100 ಸೂಕ್ತ, 64 ಅಲ್ಲ.

* ಕೋನಗಳನ್ನು ಮೊದಲು ರೇಡಿಯನ್‌ಗೆ ಪರಿವರ್ತಿಸಬೇಕು.

* ಪರಿಮಿತಿಯ ಲೆಕ್ಕದಲ್ಲಿ ಛೇದದ ಘಾತವನ್ನು ಮೊದಲು ನೋಡಿ, ಅಂಶದಲ್ಲಿ ಕನಿಷ್ಠ ಅದೇ ಘಾತದವರೆಗೆ ಪದಗಳನ್ನು ಉಳಿಸಬೇಕು. ಛೇದವೂ ಒಂದು ಫಲನವಾಗಿದ್ದರೆ ಅದನ್ನೂ ಶ್ರೇಣಿಯಾಗಿ ಬಿಡಿಸಿ, ಅದರ ಮೊದಲ ಅಳಿಯದ ಪದವನ್ನು ಗುರುತಿಸಬೇಕು.

* ಚಿಹ್ನೆಗಳು ಬದಲಾಗುತ್ತ ಪದಗಳು ಸೊನ್ನೆಯತ್ತ ಕಿರಿದಾಗುವ ಶ್ರೇಣಿಯಲ್ಲಿ ತಪ್ಪು ಬಿಟ್ಟ ಮೊದಲ ಪದವನ್ನು ಮೀರದು. ಬೇರೆ ಶ್ರೇಣಿಗಳಿಗೆ ಲಗ್ರಾಂಜ್ ಉಳಿಕೆಯನ್ನು ಬಳಸಬೇಕು.

* ಬಹುತೇಕ ಸಮನಾದ ಎರಡು ಸಂಖ್ಯೆಗಳನ್ನು ಕಳೆಯಬೇಕಾದಲ್ಲಿ ಕ್ಯಾಲ್ಕ್ಯುಲೇಟರ್‌ನ ಉತ್ತರವನ್ನು ಹಾಗೆಯೇ ನಂಬದೆ, ಶ್ರೇಣಿಯ ಮೊದಲ ಪದದೊಂದಿಗೆ ಹೋಲಿಸಿ ನೋಡಬೇಕು.